ರೋಗಾಣುಗಳಲ್ಲಿ ಸಹಕಾರ ಮತ್ತು ವಂಚನೆ

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ರೋಗಾಣುಗಳನ್ನು ಕುರಿತು ಬರೆಯ ಹೊರಟಿರುವುದನ್ನು ಕಂಡು ವಿಜ್ಞಾನ ಬಲ್ಲ ಮಿತ್ರರು ನಗಬಹುದು. ಆದರೆ ಸಾರ್ವಜನಿಕ ಹಣಕಾಸಿನ ತರಗತಿಯಲ್ಲಿ ನಾವು ಓದುವ ಒಂದು ಹಳೆಯ ತೊಡಕು ಇಲಿಯ ಕರುಳಿನಲ್ಲಿಯೂ ಇದೆಯೆಂದು ತಿಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಎಲ್ಲರಿಗೂ ಒದಗುವ ಪ್ರಯೋಜನಕ್ಕಾಗಿ ದುಡಿಯುವವರು ಯಾರು? ಇದೇ ಆ ತೊಡಕು. ನಮ್ಮೂರಿನಲ್ಲಿ ಕೆರೆಯ ಹೂಳೆತ್ತುವ ದಿನ ಕೆಲವರಿಗೆ ತಪ್ಪದೆ ಮೈ ಸರಿಯಿರುವುದಿಲ್ಲ. ತೂಬು ಎತ್ತಿದ ದಿನ ಗದ್ದೆಯ ಬದುವಿನ ಮೇಲೆ ಎಲ್ಲರಿಗಿಂತ ಮೊದಲು ನಿಂತಿರುವವರೂ ಅವರೇ. ದುಡಿದವನ ಗದ್ದೆ, ದುಡಿಯದವನ ಗದ್ದೆ ಎಂಬ ಭೇದವನ್ನು ನೀರು ಅರಿಯದು.

ಸಾಲ್ಮೊನೆಲ್ಲ ಟೈಫಿಮ್ಯೂರಿಯಮ್ ಎಂಬುದೊಂದು ಬ್ಯಾಕ್ಟೀರಿಯ. ವಿಷಮಶೀತ ಜ್ವರವನ್ನು ತರುವ ರೋಗಾಣುವಿನ ದಾಯಾದಿ ಇದು. ಕೆಟ್ಟ ಆಹಾರದೊಡನೆ ಮನುಷ್ಯನ ಹೊಟ್ಟೆಯನ್ನು ಸೇರಿ ವಾಂತಿಭೇದಿಯನ್ನು ಉಂಟುಮಾಡುತ್ತದೆ. ಆದರೆ ಕರುಳೇನು ಖಾಲಿ ಬಿದ್ದಿರುವ ಬಯಲಲ್ಲ. ಅಲ್ಲಿ ಮೊದಲಿನಿಂದಲೂ ನೆಲೆಸಿರುವ ನಿರುಪದ್ರವಿ ಬ್ಯಾಕ್ಟೀರಿಯಗಳು ಅಸಂಖ್ಯಾತವಾಗಿದ್ದು, ಹೊಸಬರಿಗೆ ಅನ್ನವನ್ನೂ ಕೊಡವು, ಜಾಗವನ್ನೂ ಕೊಡವು. ಹಾಗಾದರೆ ಸಾಲ್ಮೊನೆಲ್ಲ ಕಾಲೂರುವ ಬಗೆ ಹೇಗೆ?

ಅದರ ಉಪಾಯ ವಿಚಿತ್ರವಾದುದು. ಗುಂಪಿನ ಒಂದು ಪಾಲು ಬ್ಯಾಕ್ಟೀರಿಯಗಳು ಮೈಮೇಲೆ ಸೂಜಿಯಂತಹ ಅಂಗಗಳನ್ನು ಬೆಳೆಸಿಕೊಂಡು, ಅವುಗಳಿಂದ ಕರುಳಿನ ಗೋಡೆಯ ಜೀವಕೋಶಗಳಿಗೆ ತಮ್ಮ ದ್ರವ್ಯಗಳನ್ನು ಚುಚ್ಚಿ ಒಳನುಗ್ಗುತ್ತವೆ. ದೇಹವು ಕೆರಳುತ್ತದೆ, ಕರುಳಿನಲ್ಲಿ ಉರಿಯೂತವೇಳುತ್ತದೆ. ನುಗ್ಗಿದವುಗಳಲ್ಲಿ ಬಹುಪಾಲು ದೇಹದ ರಕ್ಷಣಾವ್ಯವಸ್ಥೆಗೆ ಸಿಕ್ಕಿ ಅಲ್ಲಿಯೇ ಸಾಯುತ್ತವೆ. ಆದರೆ ಆ ಉರಿಯೂತದಿಂದ ಹಳೆಯ ನಿವಾಸಿಗಳಿಗೆ ಪೆಟ್ಟು ಬೀಳುತ್ತದೆ. ಕರುಳಿನ ನಡುವಿನಲ್ಲಿ ಹಿಂದುಳಿದಿದ್ದ ಸಾಲ್ಮೊನೆಲ್ಲಗಳಿಗೆ ಜಾಗ ತೆರವಾಗುತ್ತದೆ. ಸತ್ತವರು ಕೆಲವರು, ಉಂಡವರು ಉಳಿದವರು. ಮಾರ್ಟಿನ್ ಆಕರ್‌ಮನ್ ಮೊದಲಾದವರು 2008ರಲ್ಲಿ ಇದನ್ನು ತನ್ನನ್ನೇ ನಾಶಮಾಡಿಕೊಳ್ಳುವ ಸಹಕಾರವೆಂದು ವರ್ಣಿಸಿದರು.

ಇನ್ನು ವಂಚಕರ ಮಾತು. ಸೂಜಿಗಳನ್ನು ಬೆಳೆಸಲು ಖರ್ಚು ಬಹಳ. ಬೆಳೆಸಿದ ಬ್ಯಾಕ್ಟೀರಿಯದ ವೃದ್ಧಿ ನಿಧಾನವಾಗುತ್ತದೆ. ಈ ಕೆಲಸಕ್ಕೆ ಅಪ್ಪಣೆ ಕೊಡುವ ಜೀನುಗಳಲ್ಲಿ ಹಿಲ್‌ಡಿ ಎಂಬುದು ಮುಖ್ಯವಾದುದು. ಆಕಸ್ಮಿಕವಾಗಿ ಅದು ಕೆಟ್ಟುಹೋದ ಬ್ಯಾಕ್ಟೀರಿಯಕ್ಕೆ ಸೂಜಿಯ ಗೊಡವೆಯೇ ಇಲ್ಲ. ಇತರರು ಎಬ್ಬಿಸಿದ ಉರಿಯೂತದ ಲಾಭವನ್ನು ಮಾತ್ರ ಉಣ್ಣುತ್ತ ಅದು ಬೇಗ ಬೇಗ ಇಮ್ಮಡಿಸುತ್ತದೆ. ಜ್ಯೂರಿಕ್ ನಗರದ ಮೆಡೆರಿಕ್ ಡಿಯಾರ್, ವೋಲ್ಫ್-ಡೀಟ್ರಿಖ್ ಹಾರ್ಟ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ದಿನ ಕಳೆದಂತೆ ಇಲಿಗಳ ಕರುಳಿನಲ್ಲಿ ಇಂತಹ ವಂಚಕರ ಪ್ರಮಾಣ ಏರುತ್ತ ಹೋದುದು ಕಂಡುಬಂದಿತು. ವಂಚನೆ ಎಂಬುದು ನಾವು ಇಟ್ಟ ಹೆಸರು, ಅಷ್ಟೆ. ಬ್ಯಾಕ್ಟೀರಿಯಕ್ಕೆ ಮನಸ್ಸಿಲ್ಲ, ಪಾಪವೂ ಇಲ್ಲ.

ಹೀಗೆಯೇ ನಡೆದರೆ ಸಹಕಾರಿಗಳ ಸಂತತಿ ಎಂದೋ ಅಳಿಯಬೇಕಿತ್ತು. ಅಳಿದಿಲ್ಲವೇಕೆ? ಇಲ್ಲಿಯೇ ನನಗೆ ಅತ್ಯಂತ ಸೋಜಿಗವೆನಿಸಿದ ಸಂಗತಿಯಿದೆ. ಸೂಜಿಯುಳ್ಳವುಗಳೂ ಸೂಜಿಯಿಲ್ಲದೆ ಹಿಂದುಳಿದ ಸಾಧಾರಣ ಬ್ಯಾಕ್ಟೀರಿಯಗಳೂ ಒಂದೇ ತಾಯಿಯ ಮಕ್ಕಳು. ಅವುಗಳ ಜೀನುಗಳಲ್ಲಿ ವ್ಯತ್ಯಾಸವಿಲ್ಲ. ಯಾವುದು ಸೂಜಿ ತೊಡಬೇಕೆಂಬುದು ಬಹುಮಟ್ಟಿಗೆ ಚೀಟಿ ಎತ್ತಿದಂತೆ ಆಕಸ್ಮಿಕ. ಆದ್ದರಿಂದ ನುಗ್ಗಿ ಸತ್ತದ್ದರ ಜೀನು ಹಿಂದುಳಿದ ಒಡಹುಟ್ಟುಗಳಲ್ಲಿ ಬದುಕುತ್ತದೆ. ಬಂಧುಗಳಿಗಾಗಿ ಮಾಡುವ ತ್ಯಾಗವು ವಿಕಾಸದಲ್ಲಿ ಹೇಗೆ ಉಳಿಯಬಲ್ಲದೆಂದು ಡಬ್ಲ್ಯು. ಡಿ. ಹ್ಯಾಮಿಲ್ಟನ್ 1964ರಲ್ಲಿ ಗಣಿತದ ಮೂಲಕ ತೋರಿಸಿದ ತತ್ತ್ವವೇ ಇಲ್ಲಿಯೂ ನಡೆದಿದೆ. ಅಲ್ಲದೆ ಈ ಸಾಧಾರಣ ಒಡಹುಟ್ಟುಗಳೂ ಖರ್ಚಿಲ್ಲದೆ ವೇಗವಾಗಿ ಬೆಳೆಯುವುದರಿಂದ ವಂಚಕರಿಗೆ ಒಮ್ಮೆಲೇ ಮೇಲುಗೈ ಸಿಕ್ಕುವುದಿಲ್ಲ. ಒಂದು ಕರುಳಿನಲ್ಲಿ ಕೊನೆಗೆ ಗೆದ್ದರೂ, ವಂಚಕರೇ ಇನ್ನೊಂದು ಇಲಿಯ ಹೊಟ್ಟೆಯನ್ನು ಸೇರಿದರೆ ಉರಿಯೂತವೆಬ್ಬಿಸುವವರಿಲ್ಲದೆ ಹಳೆಯ ನಿವಾಸಿಗಳೆದುರು ಸೋಲುತ್ತಾರೆ. ನಮ್ಮೂರಿನ ಮೈಗಳ್ಳರನ್ನು ಮಾತ್ರ ಬೇರೆ ಊರಿಗೆ ಕಳುಹಿಸಿ ಪರೀಕ್ಷಿಸುವ ಸೌಕರ್ಯ ನಮಗಿಲ್ಲ!

ಇಷ್ಟರಿಂದ ವಂಚಕರೇ ರೋಗಿಯ ಮಿತ್ರರೆಂದಾಯಿತು. ಅವು ಹೆಚ್ಚಿದಷ್ಟೂ ಗುಂಪಿನ ಕೇಡುಗುಣ ಕಡಿಮೆ. ಹಾಗಿರುವಲ್ಲಿ ಔಷಧವು ಯಾರನ್ನು ಕೊಲ್ಲುತ್ತದೆ ಎಂಬ ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಜ್ಯೂರಿಕ್ಕಿನ ಆ ತಂಡದವರೇ 2014ರಲ್ಲಿ ಇದಕ್ಕೆ ಉತ್ತರವನ್ನು ಪ್ರಕಟಿಸಿದರು. ನಮ್ಮ ಔಷಧದಂಗಡಿಗಳಲ್ಲಿಯೂ ಸಿಕ್ಕುವ ಸಿಪ್ರೊಫ್ಲಾಕ್ಸಸಿನ್ ಎಂಬ ಪ್ರತಿಜೀವಕವನ್ನು ಇಲಿಗಳಿಗೆ ಕೊಟ್ಟಾಗ, ಕರುಳಿನ ನಡುವಿನಲ್ಲಿದ್ದ ವಂಚಕರು ನಾಶವಾದರು. ಆದರೆ ಗೋಡೆಯನ್ನು ಹೊಕ್ಕು ಒಳಗಿನ ಅಂಗಾಂಶಗಳಲ್ಲಿ ಅವಿತಿದ್ದ ಸಹಕಾರಿಗಳಲ್ಲಿ ಕೆಲವು, ನಿಧಾನವಾಗಿ ಬೆಳೆಯುವುದರಿಂದಲೇ, ಔಷಧದ ಹೊಡೆತವನ್ನು ತಾಳಿಕೊಂಡವು. ಔಷಧ ನಿಂತ ಮೇಲೆ ಅವು ಮತ್ತೆ ಕರುಳಿಗಿಳಿದು ತುಂಬಿಕೊಂಡವು. ಹೊಸ ಇಲಿಗಳಿಗೆ ದಾಟಿ ರೋಗ ತರುವ ಶಕ್ತಿಯೂ ಹಾಗೆಯೇ ಉಳಿಯಿತು.

ಇದನ್ನು ಓದಿ ವೈದ್ಯರು ಕೊಟ್ಟ ಗುಳಿಗೆಯನ್ನು ಯಾರೂ ಬಿಸಾಡಬಾರದು. ಇಲಿಯ ಮಾತು ಇಲಿಯದು. ಪ್ರತಿಜೀವಕಗಳಿಂದ ಬದುಕಿದ ಜೀವಗಳು ಕೋಟಿಗಟ್ಟಲೆ. ಆದರೆ ರೋಗಾಣುಗಳನ್ನು ಎಣಿಸಿ, ಇಷ್ಟು ಸತ್ತವು ಎಂದು ಲೆಕ್ಕ ಹೇಳಿದರೆ ಸಾಲದು. ಸತ್ತವುಗಳಲ್ಲಿ ಹೂಳೆತ್ತುವವರೆಷ್ಟು, ಮೈಗಳ್ಳರೆಷ್ಟು ಎಂಬುದನ್ನೂ ಔಷಧವನ್ನು ರೂಪಿಸುವವರು ಈಗ ಕೇಳಬೇಕಾಗಿದೆ.