ಮನೆಯ ಮಾರಾಟ ಮತ್ತು ಕ್ರಯಪತ್ರದಲ್ಲಿನ ತಪ್ಪುಗಳ ತಿದ್ದುಪಡಿ

ಪುಣೆ ಜಿಲ್ಲೆಯ ಬಾರಾಮತಿಯು ಕರ್ಹಾ ನದಿಯ ದಡದಲ್ಲಿರುವ ತಾಲ್ಲೂಕು ಕೇಂದ್ರ. ಕಾಲುವೆ ನೀರಿನಿಂದ ಕಬ್ಬು ಬೆಳೆಯುವ ಈ ಸೀಮೆಯಲ್ಲಿ ಪಟ್ಟಣವು ಬೆಳೆದಂತೆ ಅನೇಕ ಹೊಲಗಳು ನಿವೇಶನಗಳಾಗಿ ಮಾರ್ಪಟ್ಟಿವೆ. ಉದ್ಯೋಗನಿಮಿತ್ತ ಬಂದು ಇಲ್ಲಿ ಮನೆ ಕೊಂಡ ಕನ್ನಡ ಕುಟುಂಬವೊಂದು, ಇಪ್ಪತ್ತು ವರ್ಷಗಳ ಅನಂತರ ಅದನ್ನು ಮಾರಿ ಸ್ವಂತ ಊರಿಗೆ ಮರಳಲು ನಿಶ್ಚಯಿಸಿದೆ ಎಂದು ಭಾವಿಸೋಣ. ಬೆಲೆ ಗೊತ್ತಾಗಿದೆ, ಮುಂಗಡವೂ ಕೈಸೇರಿದೆ. ಆದರೆ ಕೊಳ್ಳುವವರಿಗೆ ಸಾಲ ನೀಡಬೇಕಾದ ಬ್ಯಾಂಕಿನ ವಕೀಲರು ಹಳೆಯ ಕ್ರಯಪತ್ರವನ್ನು ಪರಿಶೀಲಿಸಿ, 121 ಆಗಿರಬೇಕಾದ ಗಟ್ ಸಂಖ್ಯೆ ಅದರಲ್ಲಿ 112 ಎಂದು ನಮೂದಾಗಿರುವುದನ್ನು ತೋರಿಸುತ್ತಾರೆ. ಸಾಲವು ಮಂಜೂರಾಗುವುದಿಲ್ಲ; ವ್ಯವಹಾರ ಅಲ್ಲಿಗೇ ನಿಲ್ಲುತ್ತದೆ.

ಇಂತಹ ತಪ್ಪುಗಳಿಗೆ ಬೆರಳಚ್ಚಿನ ಅಜಾಗರೂಕತೆಯೊಂದೇ ಕಾರಣವಲ್ಲ. ಹಿಂದಿನ ಮುಂಬಯಿ ಪ್ರಾಂತದ 1947ರ ಹಿಡುವಳಿಗಳ ಏಕೀಕರಣ ಕಾಯಿದೆಯ ಮೇರೆಗೆ ಅನೇಕ ಗ್ರಾಮಗಳಲ್ಲಿ ಸರ್ವೆ ಸಂಖ್ಯೆಗಳ ಸ್ಥಾನದಲ್ಲಿ ಗಟ್ ಸಂಖ್ಯೆಗಳು ಬಂದವು. ಪಟ್ಟಣದ ಅಳತೆಯಾದ ಕಡೆ ನಗರ ಸರ್ವೆ ಸಂಖ್ಯೆಯೂ ಸೇರಿತು. ಒಂದೇ ನೆಲಕ್ಕೆ ಹೀಗೆ ಎರಡು ಮೂರು ಸಂಖ್ಯೆಗಳಿರುವಾಗ, ಹಳೆಯ ಪತ್ರವನ್ನು ನೋಡಿ ಹೊಸದನ್ನು ಬರೆಯುವವರು ಎಡವುವುದು ಸಹಜ. ಕನ್ನಡಿಗರಿಗೆ ಇನ್ನೊಂದು ತೊಡಕೂ ಉಂಟು. ನಮ್ಮಲ್ಲಿ ಅನೇಕರು ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳನ್ನು ಮುಂದಿಟ್ಟು ಹೆಸರು ಬರೆಯುತ್ತಾರೆ. ಮರಾಠಿ ಪತ್ರಗಳಲ್ಲಿ ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು, ಕೊನೆಗೆ ಅಡ್ಡಹೆಸರು ಎಂಬ ಕ್ರಮವಿದೆ. ಅಡ್ಡಹೆಸರೇ ಇಲ್ಲದವರಿಗೆ ಬರೆಯುವವನು ತೋಚಿದ್ದನ್ನು ಅಡ್ಡಹೆಸರಾಗಿ ಸೇರಿಸಿದರೆ, ಮುಂದೆ ಗುರುತಿನ ಚೀಟಿಯವರೂ ಕ್ರಯಪತ್ರದವರೂ ಬೇರೆ ಬೇರೆ ವ್ಯಕ್ತಿಗಳಾಗಿ ಕಾಣುತ್ತಾರೆ.

ತಪ್ಪು ಯಾವ ಕಾಗದದಲ್ಲಿದೆ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು. ಕ್ರಯಪತ್ರದಲ್ಲಿಯೇ ಇದ್ದರೆ, ನೋಂದಣಿಯಾದ ಪತ್ರದ ಮೇಲೆ ಒಂದಕ್ಷರವನ್ನೂ ಗೀಚಿ ತಿದ್ದುವಂತಿಲ್ಲ. ಆ ಪತ್ರಕ್ಕೆ ಸಹಿ ಮಾಡಿದ ಉಭಯ ಪಕ್ಷಗಳೂ ಕೂಡಿ ಇನ್ನೊಂದು ಪತ್ರವನ್ನು ಬರೆದು ನೋಂದಾಯಿಸಬೇಕು. ಕರ್ನಾಟಕದಲ್ಲಿ ಇದಕ್ಕೆ ತಿದ್ದುಪಡಿ ಪತ್ರವೆಂದೂ ಮಹಾರಾಷ್ಟ್ರದಲ್ಲಿ ಚೂಕ್ ದುರುಸ್ತಿ ಪತ್ರವೆಂದೂ ಹೆಸರು. ಮೂಲ ಪತ್ರದ ನೋಂದಣಿ ಸಂಖ್ಯೆ, ದಿನಾಂಕ, ತಪ್ಪಾಗಿರುವ ಶಬ್ದಗಳು, ಅವುಗಳಿಗೆ ಬದಲಾಗಿ ಓದಬೇಕಾದ ಶಬ್ದಗಳು ಇದರಲ್ಲಿ ಸ್ಪಷ್ಟವಾಗಿರಬೇಕು. ಕೇವಲ ಬರೆವಣಿಗೆಯ ತಪ್ಪಾದರೆ ಮುದ್ರಾಂಕ ಶುಲ್ಕ ಅಲ್ಪ. ಆದರೆ ತಿದ್ದುಪಡಿಯ ನೆಪದಲ್ಲಿ ವಿಸ್ತೀರ್ಣವನ್ನು ಹೆಚ್ಚಿಸಿದರೆ ಅಥವಾ ಹೊಸ ಖರೀದಿದಾರರನ್ನು ಸೇರಿಸಿದರೆ ಅದು ಹೊಸ ಹಸ್ತಾಂತರವೆಂದು ಪರಿಗಣಿತವಾಗಿ, ಅದಕ್ಕನುಗುಣವಾದ ಪೂರ್ಣ ಶುಲ್ಕ ತೆರಬೇಕಾದೀತು.

ನಿಜವಾದ ಕಷ್ಟವಿರುವುದು ಹಿಂದಿನ ಮಾರಾಟಗಾರರನ್ನು ಹುಡುಕಿ ಕರೆತರುವುದರಲ್ಲಿ. ಇಪ್ಪತ್ತು ವರ್ಷಗಳಲ್ಲಿ ಅವರು ತೀರಿಕೊಂಡಿರಬಹುದು. ಆಗ ವಾರಸುದಾರರೆಲ್ಲರ ಸಹಿ ಬೇಕಾಗುತ್ತದೆ. ಬದುಕಿದ್ದರೂ, ಭೂಮಿಯ ಬೆಲೆ ಏರಿರುವುದನ್ನು ಕಂಡು ಸಹಿಗೆ ಹಣ ಕೇಳುವವರಿಲ್ಲದಿಲ್ಲ. ಅವರು ಒಪ್ಪದಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 26ನೆಯ ಪ್ರಕರಣದ ಮೇರೆಗೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದು. ವಂಚನೆಯಿಂದಾಗಲಿ ಉಭಯರ ಸಮಾನ ತಪ್ಪಿನಿಂದಾಗಲಿ ಪತ್ರವು ಅವರ ನಿಜವಾದ ಉದ್ದೇಶವನ್ನು ಹೇಳುತ್ತಿಲ್ಲವೆಂದು ಅಲ್ಲಿ ರುಜುವಾತುಪಡಿಸಬೇಕು. ಸದ್ಭಾವನೆಯಿಂದ ಹಣ ಕೊಟ್ಟು ಹಕ್ಕು ಪಡೆದ ಮೂರನೆಯವರಿಗೆ ಬಾಧೆಯಾಗುವಂತೆ ನ್ಯಾಯಾಲಯವು ತಿದ್ದುಪಡಿ ಮಾಡದು. ಇಂತಹ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಕಾಲಮಿತಿಯಿದ್ದು, ಅದು ಎಂದಿನಿಂದ ಆರಂಭವಾಯಿತೆಂಬುದೇ ವಿವಾದವಾಗುವುದುಂಟು. ಕ್ರಯಪತ್ರ ಕೈಗೆ ಬಂದ ವಾರದಲ್ಲೇ ಸಾಲುಸಾಲಾಗಿ ಓದಿಕೊಂಡಿದ್ದರೆ ಈ ಅಲೆದಾಟದ ಬಹುಭಾಗ ತಪ್ಪುತ್ತಿತ್ತು.

ಕ್ರಯಪತ್ರ ಸರಿಯಾಗಿದ್ದು, ನಮ್ಮ ಪಹಣಿಗೆ ಸಮಾನವಾದ ಸಾತ್‌ಬಾರಾ ಉತಾರೆಯಲ್ಲಿ ಮಾತ್ರ ತಪ್ಪಿದ್ದರೆ ಮಾರ್ಗ ಸುಲಭ. ಮಹಾರಾಷ್ಟ್ರ ಭೂಕಂದಾಯ ಸಂಹಿತೆ, 1966ರ 155ನೆಯ ಪ್ರಕರಣವು ಬರೆವಣಿಗೆಯ ತಪ್ಪುಗಳನ್ನೂ ಸಂಬಂಧಪಟ್ಟವರು ಒಪ್ಪಿಕೊಂಡ ತಪ್ಪುಗಳನ್ನೂ ಸರಿಪಡಿಸಲು ಕಂದಾಯ ಅಧಿಕಾರಿಗಳಿಗೆ ಅವಕಾಶ ನೀಡಿದೆ. ಅರ್ಜಿಯನ್ನು ತಹಸೀಲ್ದಾರರಿಗೆ ಸಲ್ಲಿಸಬೇಕು. ನಗರ ಸರ್ವೆಯ ಆಸ್ತಿಪತ್ರದಲ್ಲಿ ತಪ್ಪಿದ್ದರೆ ನಗರ ಸರ್ವೆ ಕಚೇರಿಗೆ, ನೋಂದಣಿ ಕಚೇರಿಯ ಸೂಚಿಯಲ್ಲಿದ್ದರೆ ಆ ಕಚೇರಿಗೇ ಹೋಗಬೇಕು. ನಗರಸಭೆಯ ತೆರಿಗೆ ರಸೀದಿಯಲ್ಲಿ ಹೆಸರು ಸರಿಯಾಗಿದೆಯೆಂದು ನೆಮ್ಮದಿಯಿಂದಿರುವವರು ಬಹಳ. ಅದು ತೆರಿಗೆ ಕಟ್ಟಿದ್ದಕ್ಕೆ ಸಾಕ್ಷಿಯೇ ಹೊರತು ಒಡೆತನಕ್ಕಲ್ಲ.

ಹಳೆಯ ತಪ್ಪನ್ನು ಹಾಗೆಯೇ ಬಿಟ್ಟು, ಹೊಸ ಕ್ರಯಪತ್ರದಲ್ಲಿ ಸರಿಯಾದ ಸಂಖ್ಯೆಯನ್ನು ಬರೆದುಬಿಡೋಣವೆಂದು ಸಲಹೆ ನೀಡುವವರೂ ಇದ್ದಾರೆ. ಇದು ಅಪಾಯಕರ. ಮಾರುವವರ ಪತ್ರದಲ್ಲಿರುವುದು 112, ಅವರು ಮಾರಿದ್ದು 121 ಎಂದಾದರೆ ಹಕ್ಕಿನ ಸರಪಳಿಯ ಕೊಂಡಿಯೇ ಕಳಚುತ್ತದೆ. ಹಕ್ಕಿನಲ್ಲಿರುವ ದೋಷವನ್ನು ಕೊಳ್ಳುವವರಿಗೆ ತಿಳಿಸುವುದು 1882ರ ಆಸ್ತಿ ಹಸ್ತಾಂತರ ಕಾಯಿದೆಯ 55ನೆಯ ಪ್ರಕರಣದಂತೆ ಮಾರುವವರ ಕರ್ತವ್ಯವೂ ಆಗಿದೆ. ಆದುದರಿಂದ ಮಾರಾಟದ ಕರಾರಿನಲ್ಲಿಯೇ ತಪ್ಪನ್ನು ನಮೂದಿಸಿ, ತಿದ್ದುಪಡಿ ಪತ್ರದ ನೋಂದಣಿಗೂ ಅದರ ಮೇರೆಗೆ ಆಗಬೇಕಾದ ಫೇರ್‌ಫಾರ್, ಅಂದರೆ ಹಕ್ಕು ಬದಲಾವಣೆಯ ದಾಖಲೆಗೂ ಸಾಕಷ್ಟು ಅವಧಿ ಇರಿಸಿಕೊಳ್ಳುವುದು ಉಚಿತ. ಹೊಸ ಉತಾರೆಯು ಕೈಗೆ ಬಂದ ಮೇಲೆ ಮೂಲ ಕ್ರಯಪತ್ರ, ತಿದ್ದುಪಡಿ ಪತ್ರ ಮತ್ತು ಈ ಉತಾರೆ ಮೂರನ್ನೂ ಒಟ್ಟಿಗೆ ಬ್ಯಾಂಕಿಗೆ ಸಲ್ಲಿಸಬೇಕು.