ಟೋಲ್ ಗೇಟೇ ಇಲ್ಲ, ಜಗಳ ಯಾರ ಹತ್ತಿರ?

ಕೇಂಬ್ರಿಡ್ಜ್ ನೋಡಿಕೊಂಡು ಕೆಂಟ್ ಕಡೆಗೆ ವಾಪಸಾಗುತ್ತಿದ್ದೆವು. ಕಾರು ಓಡಿಸುತ್ತಿದ್ದವಳು ಅಕ್ಕನ ಮಗಳು. ಲಂಡನ್ನನ್ನು ಸುತ್ತುವರಿದ ಎಂ25 ಹೆದ್ದಾರಿಯ ಪೂರ್ವ ಅಂಚಿನಲ್ಲಿ, ಥೇಮ್ಸ್ ನದಿಯ ಮೇಲೆ ಕ್ವೀನ್ ಎಲಿಜಬೆತ್ 2 ಸೇತುವೆ ದೂರದಿಂದಲೇ ಕಾಣಿಸಿತು. ದಪ್ಪ ಕೇಬಲ್‌ಗಳು ಹಿಡಿದೆತ್ತಿದ ರಸ್ತೆ, ಕೆಳಗೆ ಬೂದುಬಣ್ಣದ ನೀರು, ಹಡಗುಗಳು. ಇಷ್ಟು ದೊಡ್ಡ ಸೇತುವೆ ಅಂದಮೇಲೆ ಟೋಲ್ ಇದ್ದೇ ಇರಬೇಕಲ್ಲ, ಅಭ್ಯಾಸಬಲದಿಂದ ಜೇಬಿಗೆ ಕೈ ಹಾಕಿದೆ. ಬೂತ್ ಇಲ್ಲ, ಅಡ್ಡಗಂಬ ಇಲ್ಲ, ಕಿಟಕಿಯಿಂದ ಕೈ ಚಾಚುವ ಹುಡುಗನೂ ಇಲ್ಲ. ಕೆಂಪು ವೃತ್ತದೊಳಗೆ ‘ಸಿ’ ಎಂದು ಬರೆದ ಫಲಕವೊಂದು ಪಕ್ಕದಲ್ಲಿ ಸರಿದು ಹೋಯಿತು, ಅಷ್ಟೇ.

‘ದುಡ್ಡು ಯಾರಿಗೆ ಕೊಡೋದೇ?’ ಅಂದೆ.

‘ಮನೆಗೆ ಹೋಗಿ ಕಟ್ತೀನಿ ಮಾಮ. ನಾಳೆ ರಾತ್ರಿ ಹನ್ನೆರಡರ ತನಕ ಟೈಮಿದೆ. ಮರೆತ್ರೆ ಮಾತ್ರ ಕಥೆ ಮುಗೀತು.’

ಇದು ಡಾರ್ಟ್‌ಫರ್ಡ್ ಕ್ರಾಸಿಂಗ್. ಉತ್ತರಕ್ಕೆ ಹೋಗುವವರು ನದಿಯಡಿಯ ಸುರಂಗಗಳಲ್ಲಿ, ದಕ್ಷಿಣಕ್ಕೆ ಬರುವವರು ಸೇತುವೆಯ ಮೇಲೆ ದಾಟುತ್ತಾರೆ. 2014ರ ನವೆಂಬರ್ 30ರಂದು ಇಲ್ಲಿನ ಬೂತ್‌ಗಳ ಕೆಲಸ ಮುಗಿಯಿತು. ಈಗಿರುವುದು ಕ್ಯಾಮೆರಾ ಮಾತ್ರ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ದಾಟುವ ಪ್ರತಿ ಕಾರಿನ ನಂಬರ್ ಪ್ಲೇಟನ್ನು ಅದು ಓದಿಕೊಳ್ಳುತ್ತದೆ. ಶುಲ್ಕ ಎರಡೂವರೆ ಪೌಂಡ್ ಇತ್ತು, 2025ರ ಸೆಪ್ಟೆಂಬರ್‌ನಿಂದ ಮೂರೂವರೆ ಪೌಂಡ್. ಮರುದಿನ ಮಧ್ಯರಾತ್ರಿಯೊಳಗೆ ಕಟ್ಟದಿದ್ದರೆ ದಂಡ 70 ಪೌಂಡ್. ಹದಿನಾಲ್ಕು ದಿನದೊಳಗೆ ಕಟ್ಟಿದರೆ 35ಕ್ಕೆ ಇಳಿಯುತ್ತದೆ, ಸುಮ್ಮನಿದ್ದರೆ 105ಕ್ಕೆ ಏರುತ್ತದೆ. ಡಾರ್ಟ್‌ಫರ್ಡ್ ಮತ್ತು ಎದುರು ದಡದ ಥರಕ್ ನಿವಾಸಿಗಳಿಗೆ ರಿಯಾಯಿತಿ ಉಂಟು. ನಮ್ಮ ಹುಡುಗಿ ಇರುವುದು ಪಕ್ಕದ ಗ್ರೇವ್ಸೆಂಡ್‌ನಲ್ಲಿ. ರಿಯಾಯಿತಿ ಅವಳ ಊರಿನ ಗಡಿಗೇ ನಿಂತುಬಿಟ್ಟಿದೆ.

ಆ ರಾತ್ರಿ ಅವಳು ದುಡ್ಡು ಕಟ್ಟುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಮೊದಲು ಸರಿಯಾದ ಸರ್ಕಾರಿ ವೆಬ್‌ಸೈಟ್ ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಂಡಳು. ಅದೇ ರೂಪು ತೊಟ್ಟು ಮೇಲಿಷ್ಟು ಕಮಿಷನ್ ಕೀಳುವ ಖಾಸಗಿ ಸೈಟ್‌ಗಳು ಬೇಕಾದಷ್ಟಿವೆಯಂತೆ. ಆಮೇಲೆ ಕಾರಿನ ನಂಬರ್ ಟೈಪ್ ಮಾಡುವಾಗ ಬೆರಳು ನಿಲ್ಲಿಸಿ, ಫೋನಿನಲ್ಲಿದ್ದ ಪ್ಲೇಟಿನ ಫೋಟೊ ತೆರೆದಳು. ‘ಇದು ಸೊನ್ನೆನೋ, ಓ ಅಕ್ಷರನೋ ಹೇಳಿ ನೋಡೋಣ.’

ಹೇಳಲು ಆಗಲಿಲ್ಲ. ಯಾರಿಗೂ ಆಗುವುದಿಲ್ಲ. ಬ್ರಿಟನ್ನಿನ ನಂಬರ್ ಪ್ಲೇಟ್‌ಗಳಿಗೆ ಕಾನೂನೇ ಗೊತ್ತುಮಾಡಿದ ಚಾರ್ಲ್ಸ್ ರೈಟ್ ಎಂಬ ಅಕ್ಷರವಿನ್ಯಾಸದಲ್ಲಿ ಓ ಅಕ್ಷರಕ್ಕೂ ಸೊನ್ನೆಗೂ ಕೂದಲೆಳೆಯ ವ್ಯತ್ಯಾಸವಿಲ್ಲ. ಎರಡಕ್ಕೂ ಒಂದೇ ಅಚ್ಚು. ಗೊತ್ತುಹಚ್ಚಬೇಕಾದದ್ದು ಅದು ಕೂತ ಜಾಗದಿಂದ. 2001ರಿಂದ ಈಚಿನ ಮಾಮೂಲಿ ಪ್ಲೇಟ್‌ನಲ್ಲಿ ಮೊದಲು ಎರಡು ಅಕ್ಷರ, ನಂತರ ಎರಡು ಅಂಕಿ, ಕೊನೆಗೆ ಮೂರು ಅಕ್ಷರ. ಮೂರು ಮತ್ತು ನಾಲ್ಕನೆಯ ಜಾಗದಲ್ಲಿದ್ದರೆ ಸೊನ್ನೆ, ಬೇರೆಲ್ಲಿದ್ದರೂ ಓ. ಅವಳ ಹಿಂದಿನ ಬಾಡಿಗೆ ಕಾರಿನ ನಂಬರ್ ಆಕ್ಸ್‌ಫರ್ಡ್ ನೋಂದಣಿಯ ಓ ಅಕ್ಷರದಿಂದ ಶುರುವಾಗಿ, 2020ರ ಸೆಪ್ಟೆಂಬರ್ ನಂತರದ ಕಾರುಗಳಿಗೆ ಕೊಟ್ಟ 70ನ್ನು ಹೊತ್ತಿತ್ತು. ಒಂದೇ ಪ್ಲೇಟಿನಲ್ಲಿ ಇಬ್ಬರು ಅವಳಿಗಳು. ಕಣ್ಣಿಗೆ ಒಂದೇ ಆದರೂ ಕಂಪ್ಯೂಟರಿಗೆ ಬೇರೆ. ಬೇರೆಯದೇ ಒಂದು ಟೋಲ್ ರಸ್ತೆಗೆ ಹಣ ಕಟ್ಟುವಾಗ ಅವಳು ಅಂಕಿಯ ಜಾಗದಲ್ಲಿ ಅಕ್ಷರ ಒತ್ತಿದ್ದಳು. ದುಡ್ಡು ಹೋಯಿತು, ರಸೀದಿಯೂ ಬಂತು. ಕೆಲವು ವಾರಗಳ ಮೇಲೆ ದಂಡದ ನೋಟಿಸೂ ಬಂತು.

ನನಗೆ ಆ ದಂಡಕ್ಕಿಂತ ಈ ಅವಳಿಗಳ ಮೇಲೇ ಆಸಕ್ತಿ ಹೆಚ್ಚಾಗಿ, ನಂಬರ್ ಓದುವ ಕ್ಯಾಮೆರಾ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದೆ. ಸಿಕ್ಕ ಉತ್ತರದ ಖುಷಿ ಇನ್ನೂ ಇಳಿದಿಲ್ಲ. ಈ ತಂತ್ರಜ್ಞಾನ ಹುಟ್ಟಿದ್ದೇ ಬ್ರಿಟನ್ನಿನಲ್ಲಿ, ಪೊಲೀಸರ ವೈಜ್ಞಾನಿಕ ಸಂಶೋಧನಾ ವಿಭಾಗದಲ್ಲಿ, 1976ರಲ್ಲಿ. ಮೊದಮೊದಲ ಪ್ರಯೋಗ ನಡೆದ ಜಾಗಗಳಲ್ಲಿ ಒಂದು ಎ1 ರಸ್ತೆ, ಇನ್ನೊಂದು ಇದೇ ಡಾರ್ಟ್‌ಫರ್ಡ್ ಸುರಂಗ! ಕದ್ದ ಕಾರು ಹಿಡಿಯಲು ಮಾಡಿದ ಕಣ್ಣು. 1981ರಲ್ಲಿ ಮೊದಲ ಕಳ್ಳನನ್ನೂ ಹಿಡಿದುಕೊಟ್ಟಿತು. ಮೂರು ದಶಕದ ಮೇಲೆ ಅದೇ ಕಣ್ಣು ಅದೇ ಸುರಂಗದ ಬಾಯಲ್ಲಿ ಟೋಲ್ ವಸೂಲಿಗೆ ಕೂತಿದೆ. ಅದು ಎಷ್ಟು ಚುರುಕು ಅಂತೀರಿ? 2021ರಲ್ಲಿ ಬಾತ್ ನಗರದ ಬಸ್ ಪಥದ ಕ್ಯಾಮೆರಾ, ನಡೆದುಹೋಗುತ್ತಿದ್ದ ಹೆಂಗಸೊಬ್ಬರ ಟೀಶರ್ಟಿನ ಮೇಲಿದ್ದ ‘ನಿಟರ್’ ಎಂಬ ಇಂಗ್ಲಿಷ್ ಬರಹವನ್ನೇ ನಂಬರ್ ಪ್ಲೇಟ್ ಎಂದು ಓದಿತು. ಐ ಅಕ್ಷರ ಒಂದಾಯಿತು, ಬ್ಯಾಗಿನ ಪಟ್ಟಿ ಅಡ್ಡ ಬಂದ ಟಿ ಅಕ್ಷರ ಒಂಬತ್ತಾಯಿತು. ದಂಡದ ನೋಟಿಸು ಎಲ್ಲೋ ದೂರದ ಊರಿನಲ್ಲಿದ್ದ ವಾಹನ ಮಾಲೀಕರ ಮನೆಗೆ ಹೋಯಿತು. ಫೋಟೊ ನೋಡಿದ ಮಾಲೀಕರು ನಕ್ಕರು, ದಂಡ ರದ್ದಾಯಿತು. ನೋಟಿಸಿನ ಜೊತೆ ಫೋಟೊ ಇಲ್ಲದಿದ್ದರೆ? ಆ ಪ್ರಶ್ನೆ ಬಿಟ್ಟುಬಿಡೋಣ, ಮಾತು ಎಲ್ಲಿಗೋ ಹೋಗುತ್ತದೆ.

ಈ ಕ್ರಾಸಿಂಗಿನ ಶುಲ್ಕದ ಚರಿತ್ರೆ ಮಾತ್ರ ನನಗೆ ಅಷ್ಟು ಹಿಡಿಸಲಿಲ್ಲ. ಮೊದಲ ಸುರಂಗ 1963ರಲ್ಲಿ, ಎರಡನೆಯದು 1980ರಲ್ಲಿ, ಸೇತುವೆ 1991ರಲ್ಲಿ. ಸೇತುವೆ ಕಟ್ಟಿದ್ದು ಖಾಸಗಿ ಸಾಲದಲ್ಲಿ. ಸಾಲ ತೀರಿದರೆ ಟೋಲ್ ನಿಲ್ಲುತ್ತದೆ ಎಂಬ ಲೆಕ್ಕದಲ್ಲಿ ಜನ ಕೊಟ್ಟರು. 2003ರಲ್ಲಿ ಟೋಲಿನ ಅವಧಿ ಮುಗಿಯಿತು. ಆದರೆ ವಸೂಲಿ ನಿಲ್ಲಲಿಲ್ಲ, ವಾಹನ ದಟ್ಟಣೆ ತಡೆಯುವ ಶುಲ್ಕ ಎಂದು ಹೊಸ ಹೆಸರಿಟ್ಟುಕೊಂಡು ಮುಂದುವರಿಯಿತು. ವೇಲ್ಸ್‌ಗೆ ಹೋಗುವ ಸೆವೆರ್ನ್ ಸೇತುವೆಗಳ ಟೋಲನ್ನು 2018ರ ಡಿಸೆಂಬರ್‌ನಲ್ಲಿ ಎತ್ತಿಹಾಕಿದರು. ಅಂದರೆ ಮನಸ್ಸಿದ್ದರೆ ಎತ್ತಬಹುದು. ನಮ್ಮ ಕಡೆ ಟೋಲ್ ಪ್ಲಾಜಾಗಳ ಮುಂದೆ ಧರಣಿ ಕೂರುವವರು ಕೇಳುವುದೂ ಇದನ್ನೇ ತಾನೆ?

ಇಂಥ ವಸೂಲಿ ಶುಲ್ಕವೋ ತೆರಿಗೆಯೋ ಎಂಬ ತಕರಾರಿನಲ್ಲಿ ನಮ್ಮ ದೇಶವೂ ಸಿಕ್ಕಿಕೊಂಡಿದೆ. ಲಂಡನ್ ನಗರದೊಳಗೆ 2003ರ ಫೆಬ್ರುವರಿಯಿಂದ ಇರುವ ದಟ್ಟಣೆ ಶುಲ್ಕ ಒಂದು ತೆರಿಗೆ, 1961ರ ವಿಯೆನ್ನಾ ಒಪ್ಪಂದದ ಪ್ರಕಾರ ರಾಜತಾಂತ್ರಿಕರು ಕಟ್ಟಬೇಕಿಲ್ಲ ಎನ್ನುವುದು ಹಲವು ರಾಯಭಾರ ಕಚೇರಿಗಳ ವಾದ. ಇದು ಸೇವೆಗೆ ಕೊಡುವ ಶುಲ್ಕ, ಕಟ್ಟಿ ಎನ್ನುವುದು ಲಂಡನ್ ಸಾರಿಗೆ ಸಂಸ್ಥೆಯ ವಾದ. 2024ರಲ್ಲಿ ಹೊರಬಂದ ಬಾಕಿದಾರರ ಪಟ್ಟಿಯಲ್ಲಿ ಅಮೆರಿಕ ಮೊದಲು, ಜಪಾನ್ ಎರಡನೆಯದು, ಮೂರನೆಯ ಸ್ಥಾನ ಭಾರತದ ಹೈಕಮಿಷನ್‌ಗೆ. ಬಾಕಿ 80 ಲಕ್ಷ ಪೌಂಡ್‌ಗೂ ಹೆಚ್ಚು. ಆ ಸೌಲಭ್ಯ ನಿಮಗೂ ನನಗೂ ಇಲ್ಲ.

ಮತ್ತೆ ಹುಡುಗಿಯ ನೋಟಿಸಿಗೆ ಬರೋಣ. ಮೊದಲು ನೋಟಿಸು ಹೋದದ್ದು ಬಾಡಿಗೆ ಕಂಪನಿಗೆ, ಏಕೆಂದರೆ ಕ್ಯಾಮೆರಾಕ್ಕೆ ಗೊತ್ತಿರುವುದು ವಾಹನದ ಮಾಲೀಕ ಮಾತ್ರ. ಕಂಪನಿ ‘ಆ ದಿನ ಕಾರು ಇವರ ಕೈಯಲ್ಲಿತ್ತು’ ಎಂದು ಒಪ್ಪಂದದ ಪ್ರತಿ ಕೊಟ್ಟು ಕೈ ತೊಳೆದುಕೊಂಡಿತು. ಆ ಕಾಗದದ ಕೆಲಸಕ್ಕೆಂದು ಅವಳ ಕಾರ್ಡ್‌ನಿಂದ ಒಂದಿಷ್ಟು ಹಣವನ್ನೂ ಮುರಿದುಕೊಂಡಿತು. ಅರ್ಧ ದಂಡ ಕಟ್ಟಿ ಮುಗಿಸು ಎಂದರು ಸ್ನೇಹಿತೆಯರು. ಅವಳು ಕಟ್ಟಲಿಲ್ಲ. ಇಲ್ಲೇ ಇರುವುದು ಮರ್ಮ: ಅರ್ಧವೋ ಪೂರ್ತಿಯೋ, ದಂಡ ಕಟ್ಟಿದಿರಿ ಎಂದರೆ ಒಪ್ಪಿಕೊಂಡಿರಿ ಎಂದೇ ಲೆಕ್ಕ, ಮತ್ತೆ ತಕರಾರಿಗೆ ಜಾಗವಿಲ್ಲ. ಹಣ ಹೋದ ರಸೀದಿ, ಕಾರಿನ ಫೋಟೊ, ಬಾಡಿಗೆ ಒಪ್ಪಂದ ಮೂರನ್ನೂ ಸೇರಿಸಿ, ಯಾವ ಅಕ್ಷರ ತಪ್ಪಿತೆಂದು ನಾಲ್ಕೇ ಸಾಲಿನಲ್ಲಿ ಆಕ್ಷೇಪಣೆ ಬರೆದಳು. ಅಳಲಿಲ್ಲ, ಬೈಯಲಿಲ್ಲ. ದಂಡ ರದ್ದಾಯಿತು.

ರದ್ದಾಗದಿದ್ದರೆ ಮುಂದಿನ ಬಾಗಿಲೊಂದಿತ್ತು, ನನಗೆ ನಿಜಕ್ಕೂ ಮೆಚ್ಚುಗೆಯಾದದ್ದು ಅದು. ಲಂಡನ್ ಬಿಟ್ಟು ಇಂಗ್ಲೆಂಡ್ ಮತ್ತು ವೇಲ್ಸ್‌ನ ಇಂಥ ದಂಡಗಳಿಗೆ ಟ್ರಾಫಿಕ್ ಪೆನಾಲ್ಟಿ ಟ್ರಿಬ್ಯೂನಲ್ ಎಂಬ ಸ್ವತಂತ್ರ ನ್ಯಾಯಮಂಡಳಿ ಇದೆ, ಡಾರ್ಟ್‌ಫರ್ಡ್ ದಂಡವೂ ಅದರ ವ್ಯಾಪ್ತಿಗೇ ಬರುತ್ತದೆ. ಆಕ್ಷೇಪಣೆ ತಿರಸ್ಕೃತವಾದ ಪತ್ರ ಕೈಸೇರಿದ 28 ದಿನದೊಳಗೆ ಮೇಲ್ಮನವಿ ಹಾಕಬೇಕು. ಶುಲ್ಕ ಒಂದು ಪೆನ್ನಿಯೂ ಇಲ್ಲ, ವಕೀಲರೂ ಬೇಕಿಲ್ಲ. ಆನ್‌ಲೈನ್‌ನಲ್ಲಿ ಸಲ್ಲಿಸಿ ಫೋನ್‌ನಲ್ಲೋ ವಿಡಿಯೊದಲ್ಲೋ ಮಾತಾಡಬಹುದು. ತೀರ್ಪು ಕೊಡುವವರು ಕಾನೂನು ಓದಿದವರು, ದಂಡ ಹಾಕಿದವರ ನೌಕರರಲ್ಲ. ದುಡ್ಡು ಕಟ್ಟಿದ್ದೇನೆ, ಕಾರು ಮಾರಿದ್ದೆ, ಕಳವಾಗಿತ್ತು, ನೋಟಿಸಿನ ಕ್ರಮವೇ ತಪ್ಪು ಎಂಬಂಥ ಕಾರಣಗಳಿಗೆ ಅಲ್ಲಿ ಬೆಲೆ. ‘ನನಗೆ ಗೊತ್ತಿರಲಿಲ್ಲ’ ಎನ್ನುವುದಕ್ಕೆ ಇಲ್ಲ.

ನಮ್ಮಲ್ಲಿ 2021ರಿಂದ ಫಾಸ್ಟ್ಯಾಗ್ ಕಡ್ಡಾಯ, ಟ್ಯಾಗ್ ಇಲ್ಲದಿದ್ದರೆ ಹೆಚ್ಚು ದುಡ್ಡು. ಆದರೂ ಶೇಷಗಿರಿಹಳ್ಳಿಯಲ್ಲೋ ಗಣಂಗೂರಿನಲ್ಲೋ ಟೋಲ್ ಪ್ಲಾಜಾದ ಮುಂದೆ ಕಿಟಕಿ ಇಳಿಸಿ ‘ಏನ್ರೀ ಇದು’ ಅನ್ನಲು ಒಬ್ಬ ಮನುಷ್ಯ ಇದ್ದಾನೆ. ಹೊರದೇಶದ ರಸ್ತೆಗಳಲ್ಲಿ ಆ ಮನುಷ್ಯ ಕಾಣೆಯಾಗುತ್ತಿದ್ದಾನೆ. ಮಕ್ಕಳನ್ನು ನೋಡಲು ಕ್ಯಾಲಿಫೋರ್ನಿಯಾಕ್ಕೆ ಹೋಗುವ ನಮ್ಮ ಅಪ್ಪ-ಅಮ್ಮಂದಿರು ತಪ್ಪದೆ ದಾಟುವ ಗೋಲ್ಡನ್ ಗೇಟ್ ಸೇತುವೆಯಲ್ಲಿ 2013ರ ಮಾರ್ಚ್‌ನಿಂದ ನಗದು ತೆಗೆದುಕೊಳ್ಳುವವರಿಲ್ಲ. ಅಲ್ಲಿ ಟೋಲಿಗಿಂತ ಹೆಚ್ಚಾಗಿ ಬಾಡಿಗೆ ಕಂಪನಿಯ ಮೇಲುಶುಲ್ಕವೇ ಭಾರವಾಗಿ, ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತವೇ 2017ರಲ್ಲಿ ಹರ್ಟ್ಜ್ ಎಂಬ ಬಾಡಿಗೆ ಕಾರು ಕಂಪನಿಯ ಮೇಲೆ ದಾವೆ ಹೂಡಿತು. 2019ರಲ್ಲಿ 36.5 ಲಕ್ಷ ಡಾಲರಿಗೆ ರಾಜಿಯಾಯಿತು. ಪೋರ್ಚುಗಲ್‌ನ ಅಲ್ಗಾರ್ವ್ ಹೆದ್ದಾರಿಯಲ್ಲಿ ಬೂತ್ ಇಲ್ಲದ ಟೋಲು ವರ್ಷಗಟ್ಟಲೆ ಪ್ರವಾಸಿಗರ ತಲೆ ತಿಂದು, 2025ರ ಜನವರಿ 1ರಂದು ರದ್ದಾಯಿತು.

ಭಾರತದ ಲೈಸೆನ್ಸ್ ಇಟ್ಟುಕೊಂಡು ಬ್ರಿಟನ್ನಿಗೆ ಹೋದವರು ಹನ್ನೆರಡು ತಿಂಗಳ ತನಕ ಅಲ್ಲಿ ಕಾರು ಓಡಿಸಬಹುದು. ಹಾಗೆ ಹೋಗುವವರು ಬಾಡಿಗೆ ಕಾರಿನ ಕೌಂಟರಿನಲ್ಲಿ ಸಹಿ ಹಾಕುವ ಮುಂಚೆ ಒಂದು ಪ್ರಶ್ನೆ ಕೇಳಿ: ಟೋಲ್ ದಂಡ ಬಂದರೆ ನನ್ನ ಹೆಸರು ಕೊಡುತ್ತೀರೋ, ನೀವೇ ಕಟ್ಟಿ ನನ್ನ ಕಾರ್ಡ್‌ನಿಂದ ಮುರಿದುಕೊಳ್ಳುತ್ತೀರೋ? ಎರಡನೆಯದಾದರೆ, ನಿಮ್ಮ ತಕರಾರಿನ ಹಕ್ಕು ನೋಟಿಸು ನೋಡುವ ಮೊದಲೇ ಹೋಯಿತು. ಉತ್ತರವನ್ನು ಬರವಣಿಗೆಯಲ್ಲಿ ಪಡೆದು, ಪ್ಲೇಟಿನ ಫೋಟೊ ತೆಗೆದುಕೊಂಡು ಹೊರಡಿ.