ಅಂಗರಚನೆ ಮತ್ತು ಅಂಗಕ್ರಿಯೆಗಳ ಪ್ರಯೋಗಶಾಲಾ ಶಿಕ್ಷಣ: ಹೈದರಾಬಾದಿನ ನಿದರ್ಶನ

ಮನುಷ್ಯದೇಹದ ಒಳರಚನೆಯನ್ನು ತಿಳಿಸುವ ಶಾಸ್ತ್ರಕ್ಕೆ ಗ್ರೀಕರು ಇಟ್ಟ ಹೆಸರಿನ ಅರ್ಥ ‘ಕೊಯ್ದು ಬಿಡಿಸುವುದು’ ಎಂದು. ಅರಬರು ಅದನ್ನು ‘ತಶ್ರೀಹ್’ ಎಂದರು. ತೆರೆದಿಡುವುದು ಎಂಬುದು ಅದರ ಮೂಲಾರ್ಥ. ಉರ್ದುವಿನಲ್ಲಿ ಅದೇ ಮಾತಿಗೆ ವಿವರಣೆ, ವ್ಯಾಖ್ಯಾನ ಎಂಬ ಅರ್ಥವೂ ಉಂಟು. ಕನ್ನಡದ ‘ಅಂಗರಚನಾಶಾಸ್ತ್ರ’ ಎಂಬ ಹೆಸರಿನಲ್ಲಿ ಕೊಯ್ಯುವ ಕೈಯೂ ಇಲ್ಲ, ತೆರೆಯುವ ಕ್ರಿಯೆಯೂ ಇಲ್ಲ. ತೆರೆದ ಮೇಲೆ ಕಾಣುವ ರಚನೆ ಮಾತ್ರ ಇದೆ. ಹೆಸರಿನ ಈ ಭೇದ ಸಣ್ಣದೆಂದು ತೋರಿದರೂ, ಕಾಲೇಜುಗಳಲ್ಲಿ ಈ ಶಾಸ್ತ್ರವನ್ನು ಕಲಿಸುವ ಕ್ರಮದಲ್ಲಿ ಅದೇ ದೊಡ್ಡದಾಗಿ ಬೆಳೆದು ನಿಲ್ಲುತ್ತದೆ. ವಿದ್ಯಾರ್ಥಿಯು ಮೊದಲು ವಸ್ತುವನ್ನು ಕಂಡು ಬಳಿಕ ಹೆಸರನ್ನು ಕಲಿಯಬೇಕೆ, ಹೆಸರನ್ನು ಕಲಿತು ಬಂದು ವಸ್ತುವನ್ನು ಹುಡುಕಬೇಕೆ ಎಂಬ ಪ್ರಶ್ನೆಗೆ ಕೊಡುವ ಉತ್ತರದ ಮೇಲೆಯೇ ಪ್ರಯೋಗಶಾಲೆಯ ವೇಳಾಪಟ್ಟಿ, ಮೇಜುಗಳ ಹಂಚಿಕೆ, ದಿನಚರಿಯ ಪುಸ್ತಕ, ಕಡೆಗೆ ಪರೀಕ್ಷೆ ಕೂಡ ನಿಂತಿವೆ.

ಈ ಪ್ರಶ್ನೆಯನ್ನು ಪರಿಶೀಲಿಸಲು ಹೈದರಾಬಾದು ನಗರಕ್ಕಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ. ಇಲ್ಲಿ ವೈದ್ಯಶಾಲೆ ಸ್ಥಾಪಿತವಾದುದು 1846ರಲ್ಲಿ. ಅದರ ಮೊದಲ ಮೇಲ್ವಿಚಾರಕ ರೆಸಿಡೆನ್ಸಿಯ ವೈದ್ಯನಾಗಿದ್ದ ಡಾ. ವಿಲಿಯಂ ಕ್ಯಾಂಪ್‌ಬೆಲ್ ಮೆಕ್‌ಲೀನ್. ಪಾಶ್ಚಾತ್ಯ ವೈದ್ಯವನ್ನು ಆಗ ಇಲ್ಲಿ ಉರ್ದುವಿನಲ್ಲಿ ಕಲಿಸಲಾಗುತ್ತಿತ್ತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಉರ್ದುವನ್ನೇ ಉನ್ನತ ಶಿಕ್ಷಣದ ಮಾಧ್ಯಮವನ್ನಾಗಿ ಮಾಡಿತು. ಅದಕ್ಕೆಂದೇ ಏರ್ಪಟ್ಟ ಭಾಷಾಂತರ ಶಾಖೆಯು ಅರಬ್ಬಿಯ ಧಾತುಗಳಿಂದ ಪರಿಭಾಷೆಯನ್ನು ಕಟ್ಟಿಕೊಟ್ಟಿತು. 1948ರಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿದ ತರುವಾಯ ಇಂಗ್ಲಿಷ್ ಆ ಸ್ಥಾನಕ್ಕೆ ಬಂತು. ನಗರದ ಇನ್ನೊಂದು ವೈದ್ಯಕೀಯ ಕಾಲೇಜಾದ ಗಾಂಧಿ ವೈದ್ಯಕೀಯ ಕಾಲೇಜು ತೆರೆದುದು 1954ರಲ್ಲಿ, ಮೆಹದಿಪಟ್ಟಣಂಗೆ ಸೇರಿದಂತಿರುವ ಹುಮಾಯೂನ್ ನಗರದಲ್ಲಿ. ಇಂದು ಸರೋಜಿನಿದೇವಿ ಕಣ್ಣಿನ ಆಸ್ಪತ್ರೆ ಇರುವ ಆವರಣವೇ ಅದರ ಜನ್ಮಸ್ಥಾನ. ಮುಂದೆ ಅದು ಬಶೀರ್‌ಬಾಗಿಗೂ, 2003ರಲ್ಲಿ ಸಿಕಂದರಾಬಾದಿನ ಮುಷೀರಾಬಾದಿಗೂ ಹೋಯಿತು.

1954ರ ಹೈದರಾಬಾದು ರಾಜ್ಯದಲ್ಲಿ ಗುಲ್ಬರ್ಗಾ, ಬೀದರ, ರಾಯಚೂರು ಜಿಲ್ಲೆಗಳು ಇನ್ನೂ ಸೇರಿದ್ದವು; 1956ರ ನವೆಂಬರ್ 1ರಂದು ಅವು ಮೈಸೂರು ರಾಜ್ಯಕ್ಕೆ ಬಂದವು. ಗುಲ್ಬರ್ಗಾದಲ್ಲಿಯೇ ಒಂದು ವೈದ್ಯಕೀಯ ಕಾಲೇಜು ಆದದ್ದು 1963ರಲ್ಲಿ. ಅದಕ್ಕೆ ಮೊದಲು ಆ ಸೀಮೆಯ ಕನ್ನಡ ಹುಡುಗನಿಗೆ ವೈದ್ಯವಿದ್ಯೆಯೆಂದರೆ ಬಹುಮಟ್ಟಿಗೆ ಹೈದರಾಬಾದೇ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಕಾಲೇಜಿನಲ್ಲಿ ಇಂಗ್ಲಿಷ್, ಪಕ್ಕದ ಮೇಜಿನವನದು ತೆಲುಗು ಅಥವಾ ಮರಾಠಿ: ಇಂಥ ತಲೆಮಾರಿನ ಮುಂದೆ ಒಂದು ದೇಹವನ್ನು ತೆರೆದಿಟ್ಟು ‘ಇದೇನು?’ ಎಂದು ಕೇಳಿದರೆ ಏನಾದೀತು ಎಂಬುದನ್ನು ವಾಚಕರು ಊಹಿಸಬಹುದು.

ಕನ್ನಡದ ಆಡುಮಾತಿನಲ್ಲಿ ‘ನರ’ ಎಂಬುದು ಬಹು ಉದಾರವಾದ ಪದ. ಮುಂಗೈ ಮೇಲೆ ನೀಲಿಯಾಗಿ ಉಬ್ಬಿದ ರಕ್ತನಾಳವೂ ನರ. ಮುಷ್ಟಿ ಕಟ್ಟಿದಾಗ ಬಿಗಿದು ನಿಲ್ಲುವ ಹುರಿಯೂ ನರ. ಮೊಣಕೈ ಬಾಗಿಲಿಗೆ ತಾಗಿದಾಗ ಜುಮ್ಮೆನ್ನುವುದೂ ನರವೇ. ಶಾಸ್ತ್ರದ ದೃಷ್ಟಿಯಲ್ಲಿ ಇವು ಮೂರು ಬೇರೆ ಬೇರೆ ವಸ್ತುಗಳು. ‘ಸ್ನಾಯು’ವಿನ ಕಥೆ ಇದಕ್ಕಿಂತ ವಿಚಿತ್ರವಾದುದು. ಸುಶ್ರುತನಲ್ಲಿ ಅದು ಹಲಗೆಗಳನ್ನು ದೋಣಿಯಾಗಿ ಬಿಗಿದ ಹಗ್ಗದಂತೆ ಸಂದುಗಳನ್ನು ಕಟ್ಟಿಡುವ ಬಂಧ. ಕನ್ನಡಿಗರಿಗೂ ಮರಾಠಿಗರಿಗೂ ಅದು ಮಾಂಸಖಂಡ. ಬಂಗಾಳಿಗಳಿಗೆ ಅದು ಮಿದುಳಿನ ಸುದ್ದಿಯನ್ನು ಒಯ್ಯುವ ತಂತು. ತೆಲುಗರು ಮಾಂಸಖಂಡಕ್ಕೆ ‘ಕಂಡರ’ವೆನ್ನುತ್ತಾರೆ, ಆ ಮಾತನ್ನೇ ಸುಶ್ರುತನು ದಪ್ಪನಾದ ಹುರಿಗೆ ಬಳಸಿದ್ದಾನೆ. ಇನ್ನು ಹೃದಯದಿಂದ ಹೊರಡುವ ನಾಳಕ್ಕೆ ತೆಲುಗಿನಲ್ಲಿ ‘ಧಮನಿ’, ಹೃದಯಕ್ಕೆ ಮರಳುವುದಕ್ಕೆ ‘ಸಿರ’. ಕೇಳಿದೊಡನೆಯೇ ಬೇರೆ ಬೇರೆ ಎಂದು ತಿಳಿಯುತ್ತದೆ. ಕನ್ನಡದ ಪಠ್ಯಪುಸ್ತಕಗಳು ಒಂದಕ್ಕೆ ‘ಅಪಧಮನಿ’, ಮತ್ತೊಂದಕ್ಕೆ ‘ಅಭಿಧಮನಿ’ ಎಂದು ಇಟ್ಟು, ಎರಡಕ್ಷರದ ಉಪಸರ್ಗದ ಮೇಲೆ ಜೀವವನ್ನೇ ನೇತುಹಾಕಿವೆ. ಪರಿಭಾಷೆಯನ್ನು ರಚಿಸಿದವರ ವಿದ್ವತ್ತಿಗೆ ಕೊರತೆಯಿರಲಿಲ್ಲ. ಗಡಿಬಿಡಿಯಲ್ಲಿ ಒಬ್ಬರು ಇನ್ನೊಬ್ಬರಿಗೆ ಕೂಗಿ ಹೇಳಬೇಕಾದ ಮಾತು ಅದು ಎಂಬುದು ಮಾತ್ರ ಅವರ ಲಕ್ಷ್ಯಕ್ಕೆ ಬರಲಿಲ್ಲವೆಂದು ತೋರುತ್ತದೆ.

ಹೀಗಿರುವಲ್ಲಿ ಮೊದಲ ವಾರದ ಪಾಠ ಯಾವುದಾಗಬೇಕು? ಹಲವು ಕಾಲೇಜುಗಳಲ್ಲಿ ಅದು ಪಾರಿಭಾಷಿಕ ಪದಗಳ ಪಟ್ಟಿ. ಅದರ ಬದಲು ಮಣಿಕಟ್ಟಿನ ಮುಂಭಾಗದ ಎರಡು ಅಂಗುಲ ಸ್ಥಳದಿಂದ ಆರಂಭಿಸುವುದು ಮೇಲು. ಚರ್ಮವನ್ನು ಬಿಡಿಸಿದರೆ ಅಲ್ಲಿ ಎಲ್ಲವೂ ಒತ್ತೊತ್ತಾಗಿ ಇವೆ. ನಡುವೆ ಬೆಳ್ಳಗೆ ಹೊಳೆಯುತ್ತ, ಎಳೆದರೆ ಅಂಗೈಯ ತೊಗಲನ್ನು ಬಿಗಿಯುವುದು ಹುರಿ, ಎಂದರೆ ಸ್ನಾಯುರಜ್ಜು. ಅದರ ಅಡಿಯಲ್ಲಿ ಮಾಸಲು ಬಣ್ಣದ, ಹೊಳಪಿಲ್ಲದ, ಉದ್ದುದ್ದ ಎಳೆಗಳು ಕೂಡಿದಂತೆ ಕಾಣುವುದು ಮಧ್ಯದ ನರ. ಹೆಬ್ಬೆರಳಿನ ಕಡೆಗೆ, ಬೆರಳ ನಡುವೆ ಹೊರಳಿಸಿದರೆ ದಪ್ಪ ಗೋಡೆ ತಿಳಿಯುವಂಥದು ಅಪಧಮನಿ. ಚರ್ಮದ ಕೆಳಗೇ ಚಪ್ಪಟೆಯಾಗಿ ಕುಸಿದು ಬಿದ್ದಿರುವುದು ಅಭಿಧಮನಿ. ನಾಲ್ಕನ್ನೂ ಒಂದೇ ಘಂಟೆಯಲ್ಲಿ ಬೆರಳಿನಿಂದ ಮುಟ್ಟಿ ಬೇರ್ಪಡಿಸಿದವನಿಗೆ ಮುಂದೆ ಯಾವ ಭಾಷೆಯ ಹೆಸರು ಹೇಳಿದರೂ ಬಾಧಕವಿಲ್ಲ. ಹೆಸರು ಬಂದು ಕುಳಿತುಕೊಳ್ಳಲು ಸ್ಥಳ ಸಿದ್ಧವಾಗಿರುತ್ತದೆ.

ಅದೇ ವಾರ, ಸಾಧ್ಯವಾದರೆ ಅದೇ ದಿನ, ಆ ವಿದ್ಯಾರ್ಥಿಯು ಅಂಗಕ್ರಿಯಾಶಾಸ್ತ್ರದ ಪ್ರಯೋಗಶಾಲೆಗೆ ಹೋಗಿ ಜತೆಗಾರನ ಮಣಿಕಟ್ಟಿನಲ್ಲಿ ಅದೇ ಅಪಧಮನಿಯ ಮೇಲೆ ಬೆರಳಿಡಬೇಕು. ಕುಳಿತಾಗ ನಿಮಿಷಕ್ಕೆ ಎಪ್ಪತ್ತೆರಡರ ಆಸುಪಾಸಿನಲ್ಲಿರುವ ನಾಡಿಯು ಎರಡು ಅಂತಸ್ತು ಮೆಟ್ಟಿಲು ಹತ್ತಿ ಇಳಿದ ಮೇಲೆ ಎಷ್ಟಾಯಿತು, ಎಷ್ಟು ನಿಮಿಷಕ್ಕೆ ಮೊದಲಿನಂತಾಯಿತು ಎಂದು ಬರೆದುಕೊಳ್ಳಬೇಕು. ಎರಡು ಶಾಖೆಗಳು ಎರಡು ಕಟ್ಟಡಗಳಲ್ಲಿದ್ದು, ಒಂದು ಆಗಸ್ಟಿನಲ್ಲಿ ಕೈಯನ್ನೂ ಇನ್ನೊಂದು ಜನವರಿಯಲ್ಲಿ ನಾಡಿಯನ್ನೂ ಕಲಿಸುವುದು ನಮ್ಮಲ್ಲಿ ರೂಢಿ. ದೇಹದಲ್ಲಿ ಅಂಥ ಗೋಡೆಯಿಲ್ಲ. ಎದೆಯನ್ನು ತೆರೆಯುವ ವಾರದಲ್ಲಿಯೇ ಉಸಿರಿನ ಅಳತೆ ನಡೆದರೆ, ಸಾಮಾನ್ಯ ಉಸಿರಿಗೆ ಸುಮಾರು ಅರ್ಧ ಲೀಟರು, ಪೂರ್ತಿ ಎಳೆದು ಪೂರ್ತಿ ಬಿಟ್ಟರೆ ಮೂರರಿಂದ ಐದು ಲೀಟರು ಎಂಬ ಅಂಕಿಗಳು ಪಕ್ಕೆಲುಬುಗಳ ಓರೆಯನ್ನು ಕಂಡ ಕಣ್ಣಿಗೆ ತಾವಾಗಿ ಅರ್ಥವಾಗುತ್ತವೆ. 2019ರಲ್ಲಿ ಜಾರಿಗೆ ಬಂದ ವೈದ್ಯಕೀಯ ಪಠ್ಯಕ್ರಮವು ಶಾಖೆಗಳ ಪಾಠಗಳು ಒಂದರೊಡನೊಂದು ಹೊಂದಿ ನಡೆಯಬೇಕೆಂದು ವಿಧಿಸಿತು. ಅದರಲ್ಲಿ ಅಂಗರಚನೆಗೆ ಗೊತ್ತಾದ 675 ಘಂಟೆಗಳಲ್ಲಿ ಉಪನ್ಯಾಸಕ್ಕೆ 220, ಪ್ರಯೋಗ ಮತ್ತು ಸಣ್ಣ ಗುಂಪಿನ ಪಾಠಕ್ಕೆ 415. ಅಂಗಕ್ರಿಯೆಯ 495 ಘಂಟೆಗಳಲ್ಲಿ ಪ್ರಯೋಗಾದಿಗಳಿಗೆ 310. ಕಾಗದದ ಮೇಲೆ ಇದು ಸೊಗಸಾದ ಹಂಚಿಕೆ. ಆದರೆ ಎರಡು ಶಾಖೆಗಳ ಮುಖ್ಯಸ್ಥರು ಜೂನ್ ತಿಂಗಳಲ್ಲಿ ಒಂದೇ ಮೇಜಿನ ಮುಂದೆ ಕುಳಿತು ವಾರವಾರದ ಪಟ್ಟಿಯನ್ನು ಮಾಡದಿದ್ದರೆ ಈ ಅಂಕಿಗಳಿಂದ ಪ್ರಯೋಜನವಿಲ್ಲ.

ಮೇಜಿನ ಸುತ್ತಣ ವ್ಯವಸ್ಥೆಯೂ ಗಮನಿಸತಕ್ಕದ್ದು. ಒಂದು ಶವಕ್ಕೆ ಎಂಟು–ಹತ್ತು ಮಂದಿಗಿಂತ ಹೆಚ್ಚು ನಿಂತರೆ ಹಿಂದಿನವರು ನೋಡುವುದು ಮುಂದಿನವರ ಬೆನ್ನನ್ನು. ಎಂಟು ಜನರಲ್ಲಿ ಇಬ್ಬರು ಕೊಯ್ಯುವುದು, ಇಬ್ಬರು ಹಿಡಿದು ನೆರವಾಗುವುದು, ಇಬ್ಬರು ಕೈಪಿಡಿಯನ್ನು ಗಟ್ಟಿಯಾಗಿ ಓದುವುದು, ಇಬ್ಬರು ಚಿತ್ರ ಬರೆಯುವುದು, ಮರುದಿನ ಸರದಿ ಬದಲಾಗುವುದು ಎಂಬ ಹಳೆಯ ಪದ್ಧತಿಗೆ ಸರಿಗಟ್ಟುವ ಹೊಸದು ಇನ್ನೂ ಬಂದಿಲ್ಲ. ಸರದಿಯನ್ನು ಬಿಟ್ಟರೆ ಧೈರ್ಯಸ್ಥರಿಬ್ಬರು ವರ್ಷವಿಡೀ ಕತ್ತಿ ಹಿಡಿಯುತ್ತಾರೆ. ಸಂಕೋಚದವರು ವರ್ಷವಿಡೀ ಓದುತ್ತಾರೆ. ಹಳ್ಳಿಯಿಂದ ಬಂದವರೂ ಮಾತು ಕಡಿಮೆಯಾದವರೂ ಎರಡನೆಯ ಗುಂಪಿಗೇ ಸೇರಿಬಿಡುವುದು ಸಹಜ.

ಶವಗಳನ್ನು ಕೆಡದಂತೆ ಇಡುವ ಫಾರ್ಮಲಿನ್ನಿನ ಗುಣವನ್ನು ಜರ್ಮನಿಯ ಫರ್ಡಿನೆಂಡ್ ಬ್ಲೂಮನು 1893ರಲ್ಲಿ ಕಂಡುಕೊಂಡನು. ಅದಕ್ಕೆ ಮುಂಚೆ ಉಷ್ಣದೇಶಗಳಲ್ಲಿ ಛೇದನಪಾಠವು ಚಳಿಗಾಲದ ಪಾಠವಾಗಿತ್ತು. ಏಪ್ರಿಲ್–ಮೇ ತಿಂಗಳುಗಳಲ್ಲಿ ಹೈದರಾಬಾದಿನ ಬಿಸಿಲು ನಲವತ್ತು ಡಿಗ್ರಿಯನ್ನು ಮೀರುವಾಗ ಈ ದ್ರವದ ಆವಿ ಕಣ್ಣು ಮೂಗುಗಳನ್ನು ಉರಿಸುತ್ತದೆ. ದೀರ್ಘಕಾಲದ ಸಂಪರ್ಕದಿಂದ ಅರ್ಬುದ ಬರಬಹುದೆಂದು 2004ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯು ನಿರ್ಣಯಿಸಿದೆ. ತಲೆಯ ಮೇಲಿನ ಪಂಖಗಳು ಆವಿಯನ್ನು ಮತ್ತೆ ಮುಖಕ್ಕೇ ಬಡಿಯುತ್ತವೆಯಾದ್ದರಿಂದ ಗಾಳಿಯನ್ನು ಮೇಜಿನ ಮಟ್ಟದಲ್ಲಿ ಹೊರಗೆಳೆಯುವ ಏರ್ಪಾಡು ಅವಶ್ಯ. ಕಟ್ಟಡದ ಅಂದಾಜುಪಟ್ಟಿಯಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ. ಮೂಳೆಗಳ ವಿಷಯವೂ ಹೀಗೆಯೇ. 1985ರಲ್ಲಿ ರಫ್ತು ನಿಷೇಧವಾಗುವವರೆಗೆ ಭಾರತವು ಜಗತ್ತಿಗೇ ಅಸ್ಥಿಪಂಜರಗಳನ್ನು ಒದಗಿಸುತ್ತಿತ್ತು. ಈಗ ವಿದ್ಯಾರ್ಥಿಗೊಂದು ಪೆಟ್ಟಿಗೆ ಎಂಬ ಮಾತಿಲ್ಲ. ಪುಸ್ತಕಭಂಡಾರದಂತೆ ಮೂಳೆಗಳಿಗೂ ಎರವಲು ಖಾತೆ ಇಡಬೇಕಾಗಿದೆ. ಪ್ರತಿ ಮೂಳೆಗೂ ಅಂಕಿ, ಕೊಟ್ಟ ದಿನ, ಹಿಂದಿರುಗಿದ ದಿನ, ಸಹಿ: ಜಮಾ-ಖರ್ಚಿನ ಪುಸ್ತಕದ ಈ ಶಿಸ್ತು ಇಲ್ಲಿ ಬರಿಯ ಲೆಕ್ಕವಲ್ಲ, ಒಬ್ಬ ಮನುಷ್ಯನ ಅವಶೇಷಕ್ಕೆ ಸಲ್ಲುವ ಮರ್ಯಾದೆ. ವಾರಸುದಾರರಿಲ್ಲದ ದೇಹಗಳನ್ನು ಕಾಲೇಜುಗಳಿಗೆ ಕೊಡಲು ಮೈಸೂರು ರಾಜ್ಯವು 1957ರಲ್ಲಿ ಶಾಸನ ಮಾಡಿತು. ಇಚ್ಛಾಪೂರ್ವಕ ದೇಹದಾನವು ಬೆಳೆದದ್ದು ಆಮೇಲಿನ ಮಾತು.

ಇಷ್ಟೆಲ್ಲ ಒದಗಿದರೂ ಪ್ರಯೋಗಶಾಲೆ ಕೆಡುವ ಒಂದು ದಾರಿಯಿದೆ. ಅದಕ್ಕೆ ನಿದರ್ಶನ ಹೈದರಾಬಾದಿನ ಚರಿತ್ರೆಯಲ್ಲಿಯೇ ಉಂಟು. ಇಲ್ಲಿನ ವೈದ್ಯಶಾಲೆಯ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಲಾರಿಯು, ಕ್ಲೋರೋಫಾರಮ್ಮು ಉಸಿರಾಟವನ್ನು ನಿಲ್ಲಿಸಿ ಕೊಲ್ಲಬಹುದೇ ಹೊರತು ಹೃದಯವನ್ನು ನೇರವಾಗಿ ಬಾಧಿಸದೆಂದು ದೃಢವಾಗಿ ನಂಬಿದ್ದನು. ಅದನ್ನು ಸ್ಥಾಪಿಸಲು 1888ರಲ್ಲಿ ಒಂದು ಆಯೋಗ ಕೂಡಿತು. ಲಂಡನ್ನಿನವರು ಒಪ್ಪದಿರಲು, ನಿಜಾಮ ಸರಕಾರವು ಸಾವಿರ ಪೌಂಡು ಕೊಟ್ಟು ‘ಲಾನ್ಸೆಟ್’ ಪತ್ರಿಕೆಯ ಪ್ರತಿನಿಧಿಯಾಗಿ ಲಾಡರ್ ಬ್ರಂಟನ್ನನನ್ನು ಕರೆಯಿಸಿತು; 1889ರಲ್ಲಿ ಎರಡನೆಯ ಆಯೋಗವು ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆಸಿ, ರಕ್ತದೊತ್ತಡದ ರೇಖೆಗಳನ್ನು ಯಂತ್ರದಿಂದ ಬರೆಯಿಸಿತು. ನಿರ್ಣಯ ಲಾರಿಯ ಪಕ್ಷಕ್ಕೇ ಬಂತು. ಅಚ್ಚುಕಟ್ಟಿನಲ್ಲಿ ಆ ಕಾಲಕ್ಕೆ ಅಂಥ ಪ್ರಯೋಗಶಾಲೆ ಭಾರತದಲ್ಲಿ ವಿರಳ. ಆದರೂ 1911ರಲ್ಲಿ ಲೆವಿ ಎಂಬ ಸಂಶೋಧಕನು, ಕ್ಲೋರೋಫಾರಮ್ಮಿನ ಪ್ರಮಾಣ ಅಲ್ಪವಾಗಿದ್ದಾಗಲೂ ಬೆಕ್ಕಿನ ಹೃದಯವು ತಾಳತಪ್ಪಿ ತಟ್ಟನೆ ನಿಲ್ಲಬಹುದೆಂದು ತೋರಿಸಿಕೊಟ್ಟನು. ಹೈದರಾಬಾದಿನಲ್ಲಿ ಯಂತ್ರಗಳು ಸುಳ್ಳು ಬರೆದಿರಲಿಲ್ಲ. ಉತ್ತರವು ಪ್ರಶ್ನೆಗಿಂತ ಮೊದಲೇ ಸಿದ್ಧವಾಗಿತ್ತು.

ಈ ದೋಷವು ಮೊದಲ ವರ್ಷದ ವಿದ್ಯಾರ್ಥಿಯಲ್ಲಿ ಬೇರುಬಿಡುವುದು ರಕ್ತಕಣಗಳನ್ನು ಎಣಿಸುವ ದಿನ. ರಕ್ತವನ್ನು ಇನ್ನೂರು ಪಾಲು ತೆಳುಮಾಡಿ, ಗೆರೆಕೊರೆದ ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ಎಂಬತ್ತು ಸಣ್ಣ ಚೌಕಗಳ ಕೆಂಪು ಕಣಗಳನ್ನು ಎಣಿಸಿ ಹತ್ತು ಸಾವಿರದಿಂದ ಗುಣಿಸಬೇಕು. ಒಂದು ಕಣ ತಪ್ಪಿದರೆ ಉತ್ತರದಲ್ಲಿ ಹತ್ತು ಸಾವಿರ ತಪ್ಪುತ್ತದೆ. ಘನ ಮಿಲಿಮೀಟರಿಗೆ ಐವತ್ತು ಲಕ್ಷವಿರಬೇಕೆಂದು ಪುಸ್ತಕದಲ್ಲಿ ಓದಿ ಬಂದವನಿಗೆ ಐನೂರು ಕಣಗಳು ಕಂಡೇ ಕಾಣುತ್ತವೆ. ನಿಜವಾಗಿ 412 ಎಣಿಸಿದವನು ಅದನ್ನು ಅಳಿಸಿ 496 ಎಂದು ಬರೆದು ಸಹಿ ಪಡೆಯುತ್ತಾನೆ. ಅವನ ರಕ್ತದಲ್ಲಿ ಕಣಗಳು ನಿಜವಾಗಿಯೂ ಕಡಮೆಯಿದ್ದಿರಬಹುದು; ನಮ್ಮ ನಾಡಿನ ಹೆಣ್ಣುಮಕ್ಕಳಲ್ಲಂತೂ ರಕ್ತಹೀನತೆ ಅಪರೂಪವಲ್ಲ. ಆದುದರಿಂದ ಚೌಕ ಚೌಕದ ಎಣಿಕೆಯನ್ನು ಶಾಯಿಯಲ್ಲಿ ಬರೆಯಿಸಿ, ತಪ್ಪಾದರೆ ಓದಲು ಬರುವಂತೆ ಒಂದೇ ಗೆರೆ ಎಳೆಯಿಸಿ, ಗುಣಾಕಾರಕ್ಕೆ ಮುಂಚೆಯೇ ಉಪಾಧ್ಯಾಯನು ಸಹಿ ಹಾಕತಕ್ಕದ್ದು. ಪುಸ್ತಕದ ಸರಾಸರಿಯನ್ನು ತಿಳಿಸುವುದು ಆಮೇಲೆ.

ಪದವಿ ಕಾಲೇಜುಗಳ ಜೀವಶಾಸ್ತ್ರ ತರಗತಿಗಳಲ್ಲಿ ಪ್ರಾಣಿಗಳನ್ನು ಕೊಯ್ಯುವುದನ್ನು ಹಂತಹಂತವಾಗಿ ಬಿಡಬೇಕೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2011ರಲ್ಲಿ ಸೂಚಿಸಿತು. ಕಪ್ಪೆ ಹೋದುದಕ್ಕೆ ಮರುಗುವವರಿದ್ದಾರೆ. ಶವವೂ ಕಪ್ಪೆಯೂ ಇಲ್ಲದ ಅಂಥ ಕಾಲೇಜಿನಲ್ಲಿ ಜತೆಗಾರನ ಜೀವಂತ ಕೈಯೇ ಉತ್ತಮ ಪಾಠವಸ್ತು. ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ ಮಣಿಕಟ್ಟನ್ನು ಸ್ವಲ್ಪ ಬಾಗಿಸಿದರೆ ನಡುವೆ ಎದ್ದುನಿಲ್ಲುವ ಹುರಿಯನ್ನು ಯಾವ ಉಪಕರಣವೂ ಇಲ್ಲದೆ ಕಾಣಬಹುದು. ತರಗತಿಯಲ್ಲಿ ಎಲ್ಲರೂ ಹೀಗೆ ಮಾಡಿದಾಗ ಕೆಲವರ ಕೈಯಲ್ಲಿ ಅದು ಏಳುವುದೇ ಇಲ್ಲ. ಅವರು ಸರಿಯಾಗಿ ಮಾಡಲಿಲ್ಲವೆಂದಲ್ಲ. ಆ ಹುರಿ ಹಲವರಿಗೆ ಹುಟ್ಟಿನಿಂದಲೇ ಇರುವುದಿಲ್ಲ.

ವರ್ಷದ ಕೊನೆಯ ಗುರುತಿಸುವ ಪರೀಕ್ಷೆಯಲ್ಲಿ, ಶವದ ಅಂಗಗಳಿಗೆ ಸಣ್ಣ ಬಾವುಟಗಳನ್ನು ಚುಚ್ಚಿ, ಘಂಟೆ ಬಾರಿಸಿದಂತೆಲ್ಲ ವಿದ್ಯಾರ್ಥಿಗಳು ಮೇಜಿನಿಂದ ಮೇಜಿಗೆ ಸರಿಯುತ್ತ ಹೆಸರು ಬರೆಯುತ್ತಾರೆ. ಹುರಿಯಿಲ್ಲದ ಒಂದು ಕೈಯನ್ನು ಆರಿಸಿ, ಆ ಜಾಗದಲ್ಲಿ ಮೇಲಕ್ಕೇ ಕಾಣುವ ಮಾಸಲು ಬಣ್ಣದ ನರಕ್ಕೆ ಬಾವುಟ ಚುಚ್ಚುವ ಪರೀಕ್ಷಕರು ಕೆಲವರುಂಟು. ಚಿತ್ರಪಟವನ್ನು ಬಾಯಿಪಾಠ ಮಾಡಿದವನು ಅಲ್ಲಿ ‘ಸ್ನಾಯುರಜ್ಜು’ ಎಂದು ಬರೆದು ಮುಂದಕ್ಕೆ ಹೋಗುತ್ತಾನೆ. ಗಾಜಿನ ಚೂರಿನಿಂದ ಮಣಿಕಟ್ಟು ಕೊಯ್ದುಕೊಂಡು ಬಂದವನ ಗಾಯವನ್ನು ಹೊಲಿಯುವಾಗ ನರದ ತುದಿಯನ್ನು ಹುರಿಯ ತುದಿಗೆ ಸೇರಿಸಿ ಹೊಲಿದ ಪ್ರಸಂಗಗಳು ಶಸ್ತ್ರವೈದ್ಯದ ಗ್ರಂಥಗಳಲ್ಲಿ ದಾಖಲಾಗಿವೆ.